ನಾನು ಓದದೆ ಬಿಟ್ಟ ಎರಡು ಅಕ್ಷರ

ನಲವತ್ತೊಂಬತ್ತನೆಯ ವಯಸ್ಸಿಗೆ ನಾನು ಕಬ್ಬಿಣ ಕಡೆಯುವ ಲೇತ್ ಮಷೀನಿನ ಮುಂದೆ ನಿಂತೆ. ಅಲ್ಲಿಯ ತನಕ ಇಪ್ಪತ್ನಾಲ್ಕು ವರ್ಷ ಔಷಧ ಕಂಪನಿಗಳಲ್ಲಿ ಕಾಗದ ನೋಡುವ ಕೆಲಸ ಮಾಡಿದವನು. ಗದಗ ಜಿಲ್ಲೆಯ ನಮ್ಮ ಊರು ಬಿಟ್ಟು ಹೈದರಾಬಾದಿಗೆ ಬಂದೆ, ಅಲ್ಲಿಂದ ವಿಶಾಖಪಟ್ಟಣಕ್ಕೆ. ಊರು ಬದಲಾದರೂ ಕೆಲಸ ಬದಲಾಗಲಿಲ್ಲ. ಮಾತ್ರೆ ಮಾಡುವವರು ಬೇರೆ ಇದ್ದರು, ಮಷೀನು ನಡೆಸುವವರು ಬೇರೆ ಇದ್ದರು. ಅವರು ಮಾಡಿದ್ದನ್ನೆಲ್ಲ ಸರಿಯಾಗಿ ಬರೆದಿದ್ದಾರೆಯೇ, ಎಲ್ಲಾದರೂ ಒಂದು ಅಂಕಿ, ಒಂದು ಅಕ್ಷರ ಬಿಟ್ಟುಹೋಗಿದೆಯೇ ಎಂದು ಹುಡುಕಿ ಸಹಿ ಹಾಕುವುದು ನನ್ನ ಕೆಲಸ. ಅದರಲ್ಲಿ ನನಗೆ ಒಳ್ಳೆಯ ಹೆಸರಿತ್ತು. ನನ್ನ ಕಣ್ಣು ತಪ್ಪಿಸಿ ಒಂದು ಚುಕ್ಕೆಯೂ ಹೋಗುವುದಿಲ್ಲ ಎನ್ನುತ್ತಿದ್ದರು.

ವಿಶಾಖಪಟ್ಟಣದ ಕಾರ್ಖಾನೆಯ ಹಿಂಬದಿಯ ಶೆಡ್ಡಿನಲ್ಲಿ ಒಬ್ಬ ಫಿಟ್ಟರ್ ಇದ್ದರು. ಯಾವುದಾದರೂ ಮಷೀನಿನ ಭಾಗ ಸವೆದರೆ ಅವರು ಲೇತ್ ಮೇಲೆ ಹೊಸದನ್ನು ಮಾಡಿಕೊಡುತ್ತಿದ್ದರು. ಚಹಾದ ಹೊತ್ತಿಗೆ ನಾನು ಆ ಕಡೆ ಹೋಗಿ ನಿಲ್ಲುತ್ತಿದ್ದೆ. ಬೆಳಿಗ್ಗೆ ಅವರ ಮೇಜಿನ ಮೇಲೆ ಇಲ್ಲದ ವಸ್ತುವೊಂದು ಸಂಜೆಗೆ ಇರುತ್ತಿತ್ತು, ಹೊಳೆಯುತ್ತಿತ್ತು, ಇನ್ನೂ ಬೆಚ್ಚಗಿರುತ್ತಿತ್ತು. ನನ್ನ ಮೇಜಿನ ಮೇಲೆ ಬೆಳಿಗ್ಗೆ ಇದ್ದ ಕಾಗದ ಸಂಜೆಗೆ ಬೇರೆಯವರ ಮೇಜಿಗೆ ಹೋಗಿರುತ್ತಿತ್ತು, ಅಷ್ಟೇ. ಆ ಹೊಸ ಭಾಗವನ್ನು ಮಷೀನಿಗೆ ಹಾಕಬಹುದು ಎಂಬ ಕಾಗದಕ್ಕೆ ಸಹಿ ಹಾಕುವಾಗಲೆಲ್ಲ ನನಗೆ ಒಳಗೊಳಗೇ ಹೊಟ್ಟೆ ಉರಿಯುತ್ತಿತ್ತು. ನನ್ನ ಸಂಬಳ ಅವರಿಗಿಂತ ಹೆಚ್ಚಿತ್ತು. ಆದರೂ ಉರಿಯುತ್ತಿತ್ತು.

ನಮ್ಮ ವಿಭಾಗವನ್ನು ಕಂಪನಿ ಬೇರೆ ಊರಿಗೆ ಸಾಗಿಸಿದಾಗ ನಾನು ಹೋಗಲಿಲ್ಲ. ಹೆಂಡತಿ ವಿಶಾಖಪಟ್ಟಣದ ಆಸ್ಪತ್ರೆಯೊಂದರಲ್ಲಿ ಹಿರಿಯ ನರ್ಸು. ಮಗಳು ಅದೇ ಊರಿನ ಮಧುರವಾಡ ಬಡಾವಣೆಯಲ್ಲಿ ನಮ್ಮ ಅಪಾರ್ಟ್‌ಮೆಂಟಿನಿಂದ ನಡೆದುಹೋಗುವಷ್ಟು ದೂರದ ಕಾಲೇಜಿನಲ್ಲಿ ಓದುತ್ತಿದ್ದಳು. ಎರಡು ತಿಂಗಳು ಮನೆಯಲ್ಲಿ ಕೂತೆ. ಒಂದು ಬೆಳಿಗ್ಗೆ ಹೆಂಡತಿ ಡ್ಯೂಟಿಗೆ ಹೊರಡುವ ಹೊತ್ತಿಗೆ, ಲೇತ್ ಕೆಲಸ ಕಲಿಯಬೇಕೆಂದಿದ್ದೇನೆ ಎಂದು ಹೇಳಿದೆ. ಅವಳು ಚಪ್ಪಲಿ ಹಾಕಿಕೊಳ್ಳುತ್ತಿದ್ದವಳು ನಿಂತಳು.

"ಈ ವಯಸ್ಸಿನ್ಯಾಗ?"

"ಹೂಂ."

"ಮನ್ಯಾಗ ಒಂದ ಮೊಳಿ ಹೊಡೀಬೇಕಾದ್ರ ಬಾಜೂ ಮನಿಯವರನ್ನ ಕರೀತೀರಿ. ನೀವು ಲೇತ್ ಕಲಿಯಾವ್ರು?"

"ಕಲೀತೀನಿ."

ಅವಳು ಇನ್ನೊಂದು ಚಪ್ಪಲಿಯನ್ನೂ ಹಾಕಿಕೊಂಡಳು. "ಕಲೀರಿ. ಆದ್ರ ಹತ್ತೂ ಬೆರಳ ವಾಪಸ್ ತರಬೇಕು, ಅಷ್ಟ," ಎಂದು ಹೇಳಿ ಬಾಗಿಲು ಎಳೆದುಕೊಂಡು ಹೋದಳು.

ಆ ಫಿಟ್ಟರ್ ಅವರ ಅಣ್ಣನ ಲೇತ್ ಅಂಗಡಿ ವಿಜಯವಾಡದ ಆಟೋನಗರದಲ್ಲಿತ್ತು. ಫಿಟ್ಟರೇ ಫೋನ್ ಮಾಡಿ ಹೇಳಿದರು. ನಾನು ಅಲ್ಲೇ ಹತ್ತಿರ ಒಂದು ಕೋಣೆ ಹಿಡಿದೆ. ಸೋಮವಾರದಿಂದ ಶನಿವಾರ ಮಧ್ಯಾಹ್ನದ ತನಕ ವಿಜಯವಾಡ, ಶನಿವಾರ ಮಧ್ಯಾಹ್ನದ ರೈಲಿಗೆ ವಿಶಾಖಪಟ್ಟಣ, ಭಾನುವಾರ ಮತ್ತೆ ವಾಪಸ್. ಆ ಅಣ್ಣನೇ ನಮ್ಮ ಮೇಸ್ತ್ರಿ, ಅವರಿಗೆ ಅರವತ್ತು ದಾಟಿತ್ತು. ದಪ್ಪ ಕನ್ನಡಕ, ಮೆಲುದನಿ. ಸುತ್ತಲೂ ಲಾರಿಗಳ ಬಾಡಿ ಕಟ್ಟುವ ಬಡಿತದ ನಡುವೆ ಆ ದನಿ ಹೇಗೆ ಕೇಳಿಸುತ್ತಿತ್ತೋ, ಅಂತೂ ಕೇಳಿಸುತ್ತಿತ್ತು. ಅಂಗಡಿಯಲ್ಲಿ ಒಂದು ದೊಡ್ಡ ಲೇತ್, ಒಂದು ಚಿಕ್ಕದು, ಒಂದು ಡ್ರಿಲ್ಲಿಂಗ್ ಮಷೀನು. ಮೊದಲ ದಿನ ಅವರು ನನಗೆ ಒಂದು ಕಬ್ಬಿಣದ ತುಂಡನ್ನೂ ಅರವನ್ನೂ ಕೊಟ್ಟು, ನಾಲ್ಕೂ ಮುಖ ಚೌಕ ಮಾಡಿ ಎಂದರು. ಒಂದು ವಾರ ಅದನ್ನೇ ಉಜ್ಜಿದೆ. ಅಂಗೈಯಲ್ಲಿ ಬೊಬ್ಬೆ ಎದ್ದವು. ನನಗೆ ಖುಷಿಯಾಗಿತ್ತು.

ಎರಡನೆಯ ವಾರ ದರ್ಜಿ ಬಂದರು.

ಅವರಿಗೆ ನಲವತ್ತಾರು. ವಿಜಯವಾಡದ ಹಳೆಯ ಪೇಟೆಯಲ್ಲಿ ಮೂವತ್ತು ವರ್ಷ ಪ್ಯಾಂಟು ಶರ್ಟು ಹೊಲಿದವರು. ಮೇಸ್ತ್ರಿಯ ಶರ್ಟುಗಳೂ ಅವರು ಹೊಲಿದವೇ. ಎಲ್ಲರೂ ಸಿದ್ಧ ಉಡುಪು ಕೊಳ್ಳತೊಡಗಿದ ಮೇಲೆ ಅಂಗಡಿ ಮುಚ್ಚಿ, ಬೇರೆ ಏನಾದರೂ ಕಲಿಸಿ ಎಂದು ಮೇಸ್ತ್ರಿಯ ಬಳಿ ಬಂದಿದ್ದರು. ಆ ದಿನಗಳಲ್ಲಿ ನಾನು ಅವರನ್ನು ಮನಸ್ಸಿನಲ್ಲಿ 'ಅವನು' ಎಂದೇ ಅಂದುಕೊಳ್ಳುತ್ತಿದ್ದೆ. ಇಲ್ಲಿ ಹಾಗೆ ಬರೆಯಲು ಕೈ ಬರುತ್ತಿಲ್ಲ.

ಅವರಿಗೂ ಅರ ಕೊಟ್ಟರು, ಚೌಕ ಮಾಡಲು ಹೇಳಿದರು. ಮೂರನೆಯ ದಿನ ಮೇಸ್ತ್ರಿ ಅವರ ತುಂಡನ್ನು ಬೆಳಕಿಗೆ ಹಿಡಿದು, ಅಳತೆಪಟ್ಟಿ ಇಟ್ಟು ನೋಡಿ, "ಸರಿ, ಇನ್ನು ಲೇತಿಗೆ ಬಾ," ಎಂದರು. ನನಗೆ ಒಂದು ವಾರ ಹಿಡಿದಿತ್ತು. ಅದನ್ನು ನಾನು ಯಾರಿಗೂ ಹೇಳಲಿಲ್ಲ, ಆದರೆ ನನಗೆ ನಾನೇ ನೂರು ಸಲ ಹೇಳಿಕೊಂಡೆ.

ಆಮೇಲೆ ದಿನಕ್ಕೊಂದು ಕಾರಣ ಸಿಗುತ್ತಾ ಹೋಯಿತು. ಲೇತಿಗೆ ಎರಡು ಹಿಡಿಕೆಗಳಿರುತ್ತವೆ. ಒಂದನ್ನು ತಿರುಗಿಸಿದರೆ ಕಬ್ಬಿಣ ಕಡೆಯುವ ಟೂಲು ಉದ್ದಕ್ಕೆ ಸರಿಯುತ್ತದೆ, ಇನ್ನೊಂದನ್ನು ತಿರುಗಿಸಿದರೆ ಒಳಕ್ಕೆ, ಹೊರಕ್ಕೆ. ಎರಡನ್ನೂ ಒಟ್ಟಿಗೆ, ಬೇರೆಬೇರೆ ವೇಗದಲ್ಲಿ ತಿರುಗಿಸಲು ಬಂದರೆ ಕಬ್ಬಿಣವನ್ನು ಗುಂಡಗೆ, ಲಿಂಬೆಹಣ್ಣಿನ ಹಾಗೆ ಮಾಡಬಹುದು. ಮೇಸ್ತ್ರಿ ಒಮ್ಮೆ ಮಾಡಿ ತೋರಿಸಿದರು. ನಾನು ಮಾಡಿದ್ದು ಕಚ್ಚಿ ತಿಂದ ಪೇರಲದ ಹಾಗೆ ಬಂತು. ದರ್ಜಿ ಎರಡು ದಿನ ಸುಮ್ಮನೆ ನೋಡಿದರು, ಮೂರನೆಯ ದಿನ ಎರಡೂ ಕೈ ಹಚ್ಚಿದರು. ಮೂವತ್ತು ವರ್ಷ ಒಂದು ಕೈಯಲ್ಲಿ ಬಟ್ಟೆ ತಳ್ಳಿ, ಇನ್ನೊಂದರಲ್ಲಿ ತಿರುವಿ, ತೋಳಿನ ಸುತ್ತ ಹೊಲಿಗೆ ಹಾಕಿದ ಕೈಗಳು ಅವು. ಕಬ್ಬಿಣದ ಸುರುಳಿ ಸದ್ದಿಲ್ಲದೆ ಬಿಚ್ಚಿಕೊಂಡು ಬೀಳುತ್ತಿತ್ತು. ಮೇಸ್ತ್ರಿ ಕನ್ನಡಕ ಮೇಲೆ ಸರಿಸಿ ನೋಡುತ್ತ ನಿಂತರು. ನಾನು ಡ್ರಿಲ್ಲಿಂಗ್ ಮಷೀನಿನ ಹತ್ತಿರ ಹೋಗಿ, ಏನೂ ಕೆಲಸವಿಲ್ಲದಿದ್ದರೂ ಅದರ ಮೇಜನ್ನು ಒರೆಸಿದೆ.

ನನಗೆ ಬರುತ್ತಿದ್ದುದು ಅಳತೆ. ಮೈಕ್ರೋಮೀಟರಿನಲ್ಲಿ ಒಂದೇ ಜಾಗವನ್ನು ಮೂರು ಸಲ ಅಳೆದು ನೋಟ್‌ಬುಕ್ಕಿನಲ್ಲಿ ಬರೆಯುತ್ತಿದ್ದೆ.

ಒಮ್ಮೆ ಮೇಸ್ತ್ರಿ, "ಸಾರ್, ಕಬ್ಬಿಣಕ್ಕೆ ನೋಟ್‌ಬುಕ್ ಓದೋಕೆ ಬರಲ್ಲ," ಎಂದರು. ದರ್ಜಿ ನಕ್ಕರು. ಮೇಸ್ತ್ರಿಯೂ ನಕ್ಕರು. ಅವರಿಬ್ಬರೂ ಸೇರಿ ನಕ್ಕಿದ್ದು ನನಗೆ ಮಾತಿಗಿಂತ ಹೆಚ್ಚು ಚುಚ್ಚಿತು.

ಇನ್ನೊಂದು ವಿಷಯವಿತ್ತು. ಮೇಸ್ತ್ರಿ ನನಗೆ ಯಾವಾಗಲೂ 'ಸಾರ್, ಮೀರು' ಎನ್ನುತ್ತಿದ್ದರು. ದರ್ಜಿಗೆ 'ಒರೇಯ್ ಟೈಲರ್, ನುವ್ವು.' ನನಗೆ ಬಹುವಚನ, ಅವರಿಗೆ ಏಕವಚನ. ದರ್ಜಿ ಟೂಲು ಮುರಿದರೆ ಮೇಸ್ತ್ರಿ ತಲೆಗೆ ಹೊಡೆಯುವ ಹಾಗೆ ಕೈ ಎತ್ತಿ ಬೈಯುತ್ತಿದ್ದರು. ನಾನು ಮುರಿದರೆ, "ಪರವಾಲೇದು ಸಾರ್," ಪರವಾಗಿಲ್ಲ, ಅಷ್ಟೇ. ಇಪ್ಪತ್ನಾಲ್ಕು ವರ್ಷ ನನ್ನನ್ನು ಯಾರಾದರೂ ಏಕವಚನದಲ್ಲಿ ಕರೆದಿದ್ದರೆ ಸಿಟ್ಟು ಬರುತ್ತಿತ್ತು. ಈಗ ಒಬ್ಬ ಮುದುಕ ನನಗೆ ನೀನು ಅಂದು ಬೈಯಲಿ ಎಂದು ಆಸೆಪಡುತ್ತಿದ್ದೆ. ಬೈಗುಳಕ್ಕೂ ಹೊಟ್ಟೆಕಿಚ್ಚು ಪಡಬಹುದು ಎಂದು ನನಗೆ ಮೊದಲು ಗೊತ್ತಿರಲಿಲ್ಲ.

ವಾರದ ಕೊನೆಗೆ ಮನೆಗೆ ಹೋದಾಗ ಅಡುಗೆಮನೆಯಲ್ಲಿ ನಿಂತು, ಎರಡು ಡಬ್ಬಿಗಳ ಮುಚ್ಚಳ ಹಿಡಿದು ಒಂದನ್ನು ಆ ಕಡೆ ನಿಧಾನ, ಇನ್ನೊಂದನ್ನು ಈ ಕಡೆ ಜೋರು ತಿರುಗಿಸುತ್ತಿದ್ದೆ. ಹೆಂಡತಿ ಬಾಗಿಲಲ್ಲಿ ನಿಂತು ನೋಡಿದಳು.

"ಏನ ನಡಸೀರಿ?"

"ಪ್ರಾಕ್ಟೀಸು."

"ಆ ಸಿಂಪಿಗ ಮತ್ತ ಏನರ ಛಲೋ ಮಾಡ್ಯಾನೇನು?"

ಸಿಂಪಿಗ ಎಂದರೆ ನಮ್ಮ ಕಡೆ ದರ್ಜಿ. ಮನೆಗೆ ಬಂದಾಗಲೆಲ್ಲ ನಾನು ಅವರ ಸುದ್ದಿಯನ್ನೇ ಹೇಳುತ್ತಿದ್ದೆ ಎಂಬುದು ನನಗೆ ಆವತ್ತು ಗೊತ್ತಾಯಿತು. ಮಗಳು ಟಿ.ವಿ.ಯಿಂದ ಕಣ್ಣು ತೆಗೆಯದೆ ತೆಲುಗಿನಲ್ಲಿ ಏನೋ ಅಂದಳು. ಅಮ್ಮ ಮಗಳು ಇಬ್ಬರೂ ನಕ್ಕರು.

ಒಂದೇ ಒಂದು ವಿಷಯದಲ್ಲಿ ಮಾತ್ರ ನಾನು ಮುಂದಿದ್ದೆ. ದರ್ಜಿಗೆ ತೆಲುಗು ಓದಲು ಬರುತ್ತಿತ್ತು. ಅಂಕಿಗಳೆಂದರೆ ನೀರು ಕುಡಿದ ಹಾಗೆ, ಇಂಚನ್ನು ಮಿಲಿಮೀಟರಿಗೆ ಮನಸ್ಸಿನಲ್ಲೇ ತಿರುಗಿಸುತ್ತಿದ್ದರು. ಆದರೆ ಇಂಗ್ಲಿಷ್ ಅಕ್ಷರ ಬರುತ್ತಿರಲಿಲ್ಲ. ಗಿರಾಕಿಗಳು ತರುವ ಡ್ರಾಯಿಂಗ್ ಹಾಳೆಯ ಮೂಲೆಮೂಲೆಗಳಲ್ಲಿ ಇಂಗ್ಲಿಷಿನಲ್ಲಿ ಏನೇನೋ ಬರೆದಿರುತ್ತದೆ. ಮೇಸ್ತ್ರಿ ಇಲ್ಲದಾಗ ಅವರು ಹಾಳೆ ಹಿಡಿದುಕೊಂಡು ನನ್ನ ಬಳಿಗೆ ಬರುತ್ತಿದ್ದರು. ನಾನು ಕನ್ನಡಕ ಹಾಕಿಕೊಂಡು, ಗಂಟಲು ಸರಿಪಡಿಸಿಕೊಂಡು, ಬೇಕಾದ್ದಕ್ಕಿಂತ ನಿಧಾನವಾಗಿ ಓದಿ ಹೇಳುತ್ತಿದ್ದೆ. ದಿನದಲ್ಲಿ ನನಗೆ ಹಿತವಾದ ಹೊತ್ತು ಅದೇ.

ಏಳು ತಿಂಗಳಾಗಿರಬೇಕು. ಅಕ್ಕಿ ಗಿರಣಿಯೊಂದರವರು ಫ್ಯಾನಿನ ಶಾಫ್ಟ್ ಒಂದನ್ನು ಮಾಡಿಕೊಡಲು ಹೇಳಿದರು. ಉದ್ದನೆಯ ಶಾಫ್ಟು, ಮೆಟ್ಟಿಲು ಮೆಟ್ಟಿಲಾಗಿ ಸಣ್ಣಗಾಗುತ್ತ ಹೋಗಿ, ಎರಡೂ ತುದಿಗೆ ನಟ್ಟು ಕೂರುವ ಥ್ರೆಡ್ಡು. ಅಂಥ ಕೆಲಸವನ್ನು ಮೇಸ್ತ್ರಿ ಅಲ್ಲಿಯ ತನಕ ತಾವೇ ಮಾಡುತ್ತಿದ್ದರು. ಈ ಸಲ ಅದನ್ನು ದರ್ಜಿಗೆ ಕೊಟ್ಟರು. ನಾನು ಚಿಕ್ಕ ಲೇತಿನಲ್ಲಿ ಶಾಫ್ಟು ಕೂರುವ ಬಳೆಯಂಥ ಬುಶ್ ಮಾಡುತ್ತಿದ್ದೆ. ಅವರು ದೊಡ್ಡ ಲೇತಿನ ಮುಂದೆ ಎರಡು ದಿನ ನಿಂತು ಶಾಫ್ಟನ್ನು ಕಡೆಯುವುದನ್ನು ಓರೆಗಣ್ಣಿನಲ್ಲಿ ನೋಡುತ್ತ ನಾನು ಎರಡು ಬುಶ್ ಕೆಡಿಸಿದೆ.

ಮೂರನೆಯ ದಿನ ಬೆಳಿಗ್ಗೆ ಮೇಸ್ತ್ರಿ ಕಣ್ಣು ತೋರಿಸಲು ಆಸ್ಪತ್ರೆಗೆ ಹೋದರು. ಥ್ರೆಡ್ಡು ಒಂದೇ ಬಾಕಿ. ದರ್ಜಿ ಕೆಲಸದ ನಡುವೆ ಅಂಕಿ ನೋಡಿಕೊಳ್ಳಲೆಂದು ಡ್ರಾಯಿಂಗನ್ನು ಫೋನಿನಲ್ಲಿ ಫೋಟೋ ಹಿಡಿದುಕೊಂಡು, ಹಾಳೆಯನ್ನು ನನ್ನ ಹತ್ತಿರ ತಂದರು.

"ಸಾರ್, ತುದಿಯಲ್ಲಿ ಏನು ಬರೆದಿದೆ ಹೇಳಿ."

ನಾನು ಓದಿದೆ. ಬಲತುದಿಗೆ ಮೂವತ್ತು ಮಿಲಿಮೀಟರ್, ಮೂರೂವರೆ ಪಿಚ್ಚು, ಅಂದರೆ ಥ್ರೆಡ್ಡಿನ ಸುತ್ತುಗಳ ನಡುವಿನ ಅಂತರ. ಎಡತುದಿಗೂ ಮೂವತ್ತು, ಮೂರೂವರೆ. ಎಡತುದಿಯ ಅಳತೆಯ ಪಕ್ಕದಲ್ಲಿ ಇನ್ನೂ ಎರಡು ಅಕ್ಷರಗಳಿದ್ದವು: ಎಲ್, ಎಚ್. ಲೆಫ್ಟ್ ಹ್ಯಾಂಡ್. ಅಂದರೆ ಆ ತುದಿಯ ಥ್ರೆಡ್ಡು ಮಾಮೂಲಿಗೆ ಉಲ್ಟಾ ತಿರುಗಬೇಕು. ಫ್ಯಾನು ತಿರುಗುವ ರಭಸಕ್ಕೆ ನಟ್ಟು ಸಡಿಲಾಗದಿರಲಿ ಎಂದು ಹಾಗೆ ಮಾಡುತ್ತಾರೆ. ಮೇಸ್ತ್ರಿ ನಮಗೆ ಅದನ್ನು ಬಾಯಲ್ಲಿ ಹೇಳಿದ್ದರು, ಮಾಡಿಸಿರಲಿಲ್ಲ.

ನಾನು ಅದನ್ನು ನೋಡಿದೆ. ನೋಡಲಿಲ್ಲ ಎಂದು ನನಗೆ ನಾನೇ ಎಷ್ಟೋ ಸಲ ಹೇಳಿಕೊಂಡಿದ್ದೇನೆ. ಆದರೆ ನೋಡಿದೆ.

"ಇಂಕೇಮನ್ನಾ ರಾಸಿ ಉಂದಾ ಸಾರ್?" ಎಂದು ಅವರು ಕೇಳಿದರು. ಇನ್ನೇನಾದರೂ ಬರೆದಿದೆಯಾ?

"ಲೇದು," ಎಂದೆ. ಇಲ್ಲ.

ಅವರು ಹೋಗಿ ಲೇತ್ ಶುರು ಮಾಡಿದರು. ಅಲ್ಲಿಂದ ನನಗೆ ಬರೀ ಹತ್ತು ಹೆಜ್ಜೆ. ಎಡತುದಿಯ ಕೆಲಸ ಶುರುವಾಗಲು ಇನ್ನೂ ಒಂದು ಗಂಟೆ ಇತ್ತು. ಆ ಒಂದು ಗಂಟೆಯಲ್ಲಿ ಯಾವಾಗ ಬೇಕಾದರೂ ಎದ್ದು ಹೋಗಿ, ಅಯ್ಯೋ, ನೋಡಿ, ಇಲ್ಲೊಂದು ಬರೆದಿದೆ ಎನ್ನಬಹುದಿತ್ತು. ಮೇಸ್ತ್ರಿ ಬರಲಿ, ಅವರೇ ನೋಡಲಿ ಎಂದುಕೊಂಡೆ. ಮೇಸ್ತ್ರಿ ಕಣ್ಣಿಗೆ ಔಷಧಿ ಬಿಡಿಸಿಕೊಂಡು ಮಧ್ಯಾಹ್ನ ಬಂದರು, ಏನೂ ಸರಿಯಾಗಿ ಕಾಣುತ್ತಿಲ್ಲ ಎಂದು ಕುರ್ಚಿಯಲ್ಲಿ ಕೂತರು. ಅಷ್ಟು ಹೊತ್ತಿಗೆ ಎರಡೂ ತುದಿ ಮುಗಿದಿತ್ತು. ದರ್ಜಿ ಶಾಫ್ಟನ್ನು ಎಣ್ಣೆ ಬಟ್ಟೆಯಲ್ಲಿ ಒರೆಸಿ ಅವರ ಕೈಗೆ ಮುಟ್ಟಿಸಿದರು. ಮೇಸ್ತ್ರಿ ಕಣ್ಣು ಮುಚ್ಚಿಕೊಂಡೇ ಉಗುರಿನಿಂದ ಥ್ರೆಡ್ಡನ್ನು ಸವರಿ, "ಭೇಷ್," ಎಂದರು. ಆ ಮಾತಿಗೂ ನನಗೆ ಉರಿಯಿತು. ತಪ್ಪು ಶಾಫ್ಟು ಎಂದು ಗೊತ್ತಿದ್ದೂ ಉರಿಯಿತು.

ಮರುದಿನ ಗಿರಣಿಯವರು ಹಳೆಯ ನಟ್ಟುಗಳನ್ನು ಜೇಬಿನಲ್ಲಿಟ್ಟುಕೊಂಡೇ ಬಂದರು. ಬಲತುದಿಗೆ ನಟ್ಟು ಬೆಣ್ಣೆಯ ಹಾಗೆ ಹತ್ತಿತು. ಎಡತುದಿಗೆ ಹತ್ತಲಿಲ್ಲ. ಅವರು ಹೀಗೆ ತಿರುಗಿಸಿದರು, ಹಾಗೆ ತಿರುಗಿಸಿದರು. ಮೇಸ್ತ್ರಿ ಡ್ರಾಯಿಂಗ್ ತರಿಸಿ ಕಣ್ಣಿನ ಹತ್ತಿರ ಹಿಡಿದು ನೋಡಿದರು. ಅವರ ಮುಖ ಸಣ್ಣದಾಯಿತು.

"ಏಮಿಟ್ರಾ ಇದಿ?" ಏನೋ ಇದು, ಎಂದು ದರ್ಜಿಯ ಕಡೆ ತಿರುಗಿದರು. "ಇಷ್ಟು ದೊಡ್ಡದಾಗಿ ಬರೆದಿದ್ದಾರಲ್ಲೋ! ಯಾರ ಹತ್ತಿರ ಓದಿಸಿದೆ?"

ದರ್ಜಿ ನನ್ನ ಕಡೆ ನೋಡಲಿಲ್ಲ. "ನಾನೇ ನೋಡ್ಕೊಂಡೆ. ತಪ್ಪಾಯ್ತು," ಎಂದರು.

ಗಿರಣಿಯವರು ಶಾಫ್ಟನ್ನು ನೆಲದ ಮೇಲಿಟ್ಟು, "ಬಟ್ಟೆ ಹೊಲಿಯೋವನ ಕೈಗೆ ಶಾಫ್ಟ್ ಕೊಟ್ರೆ ಇನ್ನೇನಾಗುತ್ತೆ?" ಎಂದರು.

ದರ್ಜಿಯ ಕಿವಿ ಕೆಂಪಾಯಿತು. ಅವರು ಬಗ್ಗಿ ಶಾಫ್ಟನ್ನು ಎತ್ತಿ ಗೋಡೆಗೆ ಒರಗಿಸಿದರು. ಆಗಲಾದರೂ ನಾನು ಬಾಯಿ ಬಿಡಬೇಕಿತ್ತು. ಬಿಡಲಿಲ್ಲ. ನನ್ನ ತಲೆಯಲ್ಲಿ ಓಡುತ್ತಿದ್ದುದು ಬೇರೆಯದೇ: ಇವರು ನನ್ನನ್ನು ಯಾಕೆ ಬಿಟ್ಟುಕೊಡಲಿಲ್ಲ? ನನಗಿಂತ ಚೆನ್ನಾದ ಕೈಯೂ ಇವರಿಗೇ, ನನಗಿಂತ ಚೆನ್ನಾದ ಮನಸ್ಸೂ ಇವರಿಗೇ ಇರಬೇಕೇ? ನಾಚಿಕೆಯಾಗಬೇಕಾದ ಜಾಗದಲ್ಲಿ ಮತ್ತೆ ಅದೇ ಉರಿ.

ಮೇಸ್ತ್ರಿ ಹೊಸ ಶಾಫ್ಟನ್ನು ನನಗೆ ಕೊಟ್ಟರು. ದರ್ಜಿಯನ್ನು ದೊಡ್ಡ ಲೇತಿನಿಂದ ತೆಗೆದು ರಂಧ್ರ ಕೊರೆಯಲು, ಸರಳು ಕೊಯ್ಯಲು ಹಾಕಿದರು. ನಾನು ನಾಲ್ಕು ದಿನ ತೆಗೆದುಕೊಂಡೆ. ಮೇಸ್ತ್ರಿ ಪಕ್ಕದಲ್ಲೇ ನಿಂತು ಗೇರು ಬದಲಿಸಿ ಉಲ್ಟಾ ಥ್ರೆಡ್ಡು ಹಾಕುವುದನ್ನು ತೋರಿಸಿಕೊಟ್ಟರು. ಟೂಲು ಎಡದಿಂದ ಬಲಕ್ಕೆ ನಡೆಯುವುದನ್ನು ನೋಡುತ್ತ ನಿಂತೆ. ಏಳು ತಿಂಗಳಿಂದ ನಾನು ಬಯಸಿದ್ದು ಅದೇ: ದೊಡ್ಡ ಲೇತು, ಪಕ್ಕದಲ್ಲಿ ಮೇಸ್ತ್ರಿ, ಮೂಲೆಯಲ್ಲಿ ದರ್ಜಿ. ನಟ್ಟು ಹತ್ತಿತು. ಗಿರಣಿಯವರು ಕೈ ಕುಲುಕಿ, "ಓದಿದವರ ಕೆಲಸ ಓದಿದವರದೇ ಸಾರ್," ಎಂದರು.

ಆ ದಿನ ಸಂಜೆ ದರ್ಜಿ ನನ್ನ ಟೂಲನ್ನು ನೋಡಿ, ಅದರ ಒಂದು ಅಂಚು ಮೊಂಡಾಗಿದೆ ಎಂದು ತಾವೇ ತೆಗೆದುಕೊಂಡು ಹೋಗಿ ಸಾಣೆ ಹಿಡಿದು ತಂದುಕೊಟ್ಟರು. ನಾನು ಥ್ಯಾಂಕ್ಸ್ ಎಂದೆ. ಅವರು ತಮ್ಮ ಊಟದ ಡಬ್ಬಿ ಎತ್ತಿಕೊಂಡು ಮನೆಗೆ ಹೊರಟರು.

ಆ ಶನಿವಾರ ಎಂದಿನಂತೆ ರೈಲು ಹತ್ತಿದೆ. ಅನಕಾಪಲ್ಲಿಯಲ್ಲಿ ಬೆಲ್ಲದ ಬುಟ್ಟಿಗಳೊಂದಿಗೆ ಹತ್ತಿದ ಒಂದು ಕುಟುಂಬ ನನ್ನ ಎದುರು ಕೂತು ತಮ್ಮತಮ್ಮಲ್ಲಿ ಜಗಳವಾಡುತ್ತಿತ್ತು. ಮನೆ ಮುಟ್ಟಿ, ಮಗಳು ಗೆಳತಿಯ ಮನೆಗೆ ಹೋಗಿದ್ದಾಳೆಂದು ಖಾತ್ರಿ ಮಾಡಿಕೊಂಡು, ಹೆಂಡತಿಗೆ ಎಲ್ಲವನ್ನೂ ಹೇಳಿದೆ. ಅವಳು ಕಾಯಿಪಲ್ಯ ಹೆಚ್ಚುವುದನ್ನು ನಿಲ್ಲಿಸಲಿಲ್ಲ. ನಾನು ಮುಗಿಸಿದ ಮೇಲೆ ಈಳಿಗೆ ಮಡಚಿಟ್ಟಳು.

"ನಮ್ಮ ವಾರ್ಡಿನ್ಯಾಗ ಯಾರರ ಹಿಂಗ ಓದದ ಬಿಟ್ರ ಮನಷಾರು ಸಾಯ್ತಾರ್ರೀ."

"ಗೊತ್ತೈತಿ."

"ಗೊತ್ತಿದ್ದೂ ಮಾಡೀರಿ. ಅದಕ್ಕ ಹೇಳಾಕತ್ತೀನಿ." ಹೆಚ್ಚಿದ ಕಾಯಿಪಲ್ಯವನ್ನು ಬುಟ್ಟಿಗೆ ಸುರಿದಳು. "ನೀವು ಅಂಥಾವ್ರಲ್ಲ ಅಂತ ನಾ ಅನ್ನಂಗಿಲ್ಲ ಈಗ. ನೀವು ಮಾಡೀರಿ. ಹೋಗಿ ಹೇಳ್ರಿ."

"ಹೇಳಿದ್ರ ಮೇಸ್ತ್ರಿ ಹೊರಗ ಹಾಕ್ತಾರ."

"ಹಾಕ್ಲಿ."

ಆ ರಾಗವಿಲ್ಲದ 'ಹಾಕ್ಲಿ' ನನಗೆ ಇಡೀ ವಾರ ಕೇಳಿಸಿತು. ಆದರೂ ಹೇಳಲಿಲ್ಲ. ಮುಂದಿನ ಶನಿವಾರ ಮನೆಗೆ ಹೋದಾಗ ಅವಳು ಕೇಳಿದಳು, ಇಲ್ಲ ಎಂದೆ. ಅವಳು ರೊಟ್ಟಿ ಬಡಿದಳು, ಬಡಿಸಿದಳು, ಮಾತಾಡಲಿಲ್ಲ. ಅದರ ಮುಂದಿನ ಶನಿವಾರ ಕೇಳಲೂ ಇಲ್ಲ. ಮಗಳು ಇಬ್ಬರ ಮುಖವನ್ನೂ ನೋಡಿ, ತಟ್ಟೆ ಎತ್ತಿಕೊಂಡು ತನ್ನ ಕೋಣೆಗೆ ಹೋದಳು. ಕೇಳದೇ ಇದ್ದದ್ದೇ ಹೆಚ್ಚು ಕಷ್ಟವಾಯಿತು.

ಸೋಮವಾರ ನಾಲ್ಕು ಗಂಟೆಯ ಚಹಾಕ್ಕೆ ಮೂವರೂ ಕೂತಾಗ ಹೇಳಿದೆ. ವಾಪಸ್ ಬರುವ ರೈಲಿನಲ್ಲಿ ತೆಲುಗಿನಲ್ಲಿ ವಾಕ್ಯ ಜೋಡಿಸಿಕೊಂಡು ಬಂದಿದ್ದೆ, ಬಾಯಿಗೆ ಬಂದಾಗ ಅರ್ಧ ಮರೆತುಹೋಯಿತು. ಗಿರಣಿಯ ಶಾಫ್ಟಿನ ಹಾಳೆ ಓದಿದ್ದು ನಾನು. ಆ ಎರಡು ಅಕ್ಷರ ನೋಡಿದ್ದೆ. ಬೇಕೆಂದೇ ಹೇಳಲಿಲ್ಲ. ಇನ್ನೇನಾದರೂ ಇದೆಯಾ ಅಂತ ಇವರು ಕೇಳಿದರು, ಇಲ್ಲ ಅಂದೆ.

ಮೇಸ್ತ್ರಿ ಚಹಾದ ಲೋಟ ಕೆಳಗಿಟ್ಟರು. ಕನ್ನಡಕ ತೆಗೆದು ಶರ್ಟಿನ ತುದಿಯಿಂದ ಒರೆಸಿದರು.

ದರ್ಜಿ, "ನಾಕು ತೆಲುಸು," ಎಂದರು. ನನಗೆ ಗೊತ್ತು.

ನಟ್ಟು ಹತ್ತದ ದಿನ ರಾತ್ರಿಯೇ ಅವರು ಫೋನಿನಲ್ಲಿದ್ದ ಫೋಟೋವನ್ನು ಡಿಗ್ರಿ ಓದುತ್ತಿದ್ದ ಮಗಳಿಗೆ ತೋರಿಸಿದ್ದರಂತೆ. ಅವಳು ಒಂದೊಂದೇ ಅಕ್ಷರ ಓದಿ ಹೇಳಿದ್ದಳು. "ಮೊದಲು, ಸಾರ್ ನೋಡಿಲ್ಲ, ವಯಸ್ಸಾಯ್ತಲ್ಲ ಅಂದುಕೊಂಡೆ," ಎಂದರು. "ಮರುದಿನ ನಿಮ್ಮ ಮುಖ ನೋಡಿದೆ. ಆಮೇಲೆ, ಹೇಳ್ತೀರೋ ಇಲ್ಲವೋ ನೋಡೋಣ ಅಂತ ಕಾಯ್ತಾ ಇದ್ದೆ."

ನನ್ನ ಲೋಟದ ಚಹಾ ಆರಿತ್ತು, ಅದನ್ನು ನೆಲಕ್ಕೆ ಚೆಲ್ಲಿದೆ.

"ಯಾಕೆ ಮಾಡಿದ್ರಿ ಸಾರ್? ನಾನು ನಿಮಗೇನು ಮಾಡಿದ್ದೆ?"

"ಏನೂ ಇಲ್ಲ. ನಿಮ್ಮ ಕೈ ಕೆಲಸ ನೋಡಿ ತಡ್ಕೊಳ್ಳೋಕೆ ಆಗಲಿಲ್ಲ."

ಅವರು ತಮ್ಮ ಕೈಗಳನ್ನು ಮಗುಚಿ ನೋಡಿಕೊಂಡರು, ಅವು ಬೇರೆ ಯಾರದೋ ಎನ್ನುವ ಹಾಗೆ. "ಈ ಕೈಯಾ? ಮೂವತ್ತು ವರ್ಷ ಇದು ಹೊಲಿದದ್ದನ್ನ ಜನ ಬೇಡ ಅಂದ್ರು. ಈ ವಯಸ್ಸಲ್ಲಿ ಇನ್ನೊಬ್ಬರ ಅಂಗಡಿಗೆ ಬಂದು ಮೊದಲಿಂದ ಶುರು ಮಾಡಿದ್ದೀನಿ. ಇದಕ್ಕೆ ಹೊಟ್ಟೆಕಿಚ್ಚಾ ಸಾರ್?"

ಅವರ ದನಿ ಏರಲಿಲ್ಲ. ಲೋಟ ತೊಳೆದಿಟ್ಟು ಡ್ರಿಲ್ಲಿಂಗ್ ಮಷೀನಿನ ಕಡೆ ಹೋದರು.

ಮೇಸ್ತ್ರಿ ಬೈಯುತ್ತಾರೆ ಎಂದು ಕಾದೆ. ಅವರು ಫೋನಿನಲ್ಲಿ ಗಿರಣಿಯವರ ನಂಬರ್ ಹುಡುಕಿ ನನ್ನ ಕೈಗೆ ಕೊಟ್ಟು, "ನೀವೇ ಹೇಳಿ ಸಾರ್," ಎಂದರು. ನಾನು ಹೇಳಿದೆ. ತಪ್ಪು ಆ ದರ್ಜಿಯದಲ್ಲ, ಡ್ರಾಯಿಂಗ್ ಓದಿದ ನನ್ನದು ಎಂದೆ. ಬೇಕೆಂದೇ ಎನ್ನುವುದನ್ನು ಹೇಳಲು ನಾಲಿಗೆ ತಡವರಿಸಿತು. ಮೇಸ್ತ್ರಿ ನನ್ನನ್ನೇ ನೋಡುತ್ತಿದ್ದರು. ಅದನ್ನೂ ಹೇಳಿದೆ. ಆ ಕಡೆಯವರು ಫೋನ್ ಇಟ್ಟರು.

ಮೇಸ್ತ್ರಿ ನನ್ನನ್ನು ಹೊರಗೆ ಹಾಕಲಿಲ್ಲ. ದರ್ಜಿ ಮರುದಿನದಿಂದಲೇ ದೊಡ್ಡ ಲೇತಿಗೆ ಹೋದರು. ನನ್ನ ವಿಷಯದಲ್ಲಿ ಮೇಸ್ತ್ರಿಯ ಮರ್ಯಾದೆ ಇನ್ನೂ ಹೆಚ್ಚಾಯಿತು. "ಸಾರ್, ದಯವಿಟ್ಟು," "ಸಾರ್, ನಿಮಗೆ ಅನುಕೂಲವಾದಾಗ." ನಾನು ಕರೆಯದೆ ನನ್ನ ಮಷೀನಿನ ಹತ್ತಿರ ಬರುತ್ತಿರಲಿಲ್ಲ. ಕರೆದರೆ ಬಂದು, ತೋರಿಸಬೇಕಾದ್ದನ್ನು ತೋರಿಸಿ, ತಿರುಗಿ ಹೋಗುತ್ತಿದ್ದರು.

ದರ್ಜಿ ಒಂದು ತಿಂಗಳು ನನ್ನ ಜೊತೆ ಮಾತಾಡಲಿಲ್ಲ. ಆ ಒಂದು ತಿಂಗಳಲ್ಲಿ ಮಗಳ ಹತ್ತಿರ ಇಂಗ್ಲಿಷ್ ಅಕ್ಷರ ಕಲಿತರು. ಜೇಬಿನಲ್ಲಿ ಒಂದು ಸಣ್ಣ ಪುಸ್ತಕ, ಅದರಲ್ಲಿ ಡ್ರಾಯಿಂಗಿನಲ್ಲಿ ಬರುವ ಪದಗಳು ಒಂದು ಕಡೆ, ತೆಲುಗಿನಲ್ಲಿ ಅರ್ಥ ಇನ್ನೊಂದು ಕಡೆ. ಊಟದ ಹೊತ್ತಿನಲ್ಲಿ ತುಟಿ ಅಲ್ಲಾಡಿಸುತ್ತ ಓದುತ್ತಿದ್ದರು. ನನಗೆ ಉಳಿದಿದ್ದ ಒಂದೇ ಒಂದು ಹೆಚ್ಚುಗಾರಿಕೆಯೂ ಕಣ್ಣೆದುರೇ ಕೈಬಿಟ್ಟು ಹೋಗುವುದನ್ನು ನಾನು ಡಬ್ಬಿಯ ಮೊಸರನ್ನ ತಿನ್ನುತ್ತ ನೋಡಿದೆ. ಹೊಟ್ಟೆಕಿಚ್ಚು ತಪ್ಪೊಪ್ಪಿಕೊಂಡ ಕೂಡಲೇ ಹೋಗಿಬಿಡುತ್ತದೆ ಎಂದು ನಾನು ತಿಳಿದಿದ್ದೆ. ಹೋಗಲಿಲ್ಲ.

ಕೊನೆಗೆ ಒಂದು ದಿನ ಅವರೇ ಹಾಳೆ ಹಿಡಿದು ಬಂದರು. ಒಂದು ಅಳತೆಯ ಮುಂದೆ ಕೂಡು ಚಿಹ್ನೆ ಹಾಕಿದ ಸಣ್ಣ ಅಂಕಿ, ಅದರ ಕೆಳಗೆ ಸೊನ್ನೆ. "ಇದು ಹೇಗೆ?" ಎಂದರು. ಇಷ್ಟರ ತನಕ ದಪ್ಪವಾದರೆ ನಡೆಯುತ್ತದೆ, ಒಂದು ಕೂದಲೆಳೆ ಸಣ್ಣದಾದರೂ ನಡೆಯುವುದಿಲ್ಲ ಎಂದು ವಿವರಿಸಿದೆ. ಅವರು ತಲೆಯಾಡಿಸಿ ಪುಸ್ತಕದಲ್ಲಿ ಬರೆದುಕೊಂಡರು. ಮಾತು ಶುರುವಾದದ್ದು ಹಾಗೆ. 'ಇನ್ನೇನಾದರೂ ಬರೆದಿದೆಯಾ' ಎಂದು ಮಾತ್ರ ಅವರು ಮತ್ತೆಂದೂ ನನ್ನನ್ನು ಕೇಳಲಿಲ್ಲ.

ಹದಿನಾಲ್ಕು ತಿಂಗಳಾದ ಮೇಲೆ ನಾನು ವಿಶಾಖಪಟ್ಟಣಕ್ಕೆ ವಾಪಸ್ ಬಂದೆ. ಈಗ ಒಂದು ಸಣ್ಣ ವರ್ಕ್‌ಶಾಪಿನಲ್ಲಿ ಕೆಲಸ ಮಾಡುತ್ತೇನೆ. ಬೆಲ್ಲದ ಗಾಣಗಳ ಬುಶ್ಶು, ಪಂಪಿನ ಶಾಫ್ಟು, ಒಮ್ಮೊಮ್ಮೆ ಔಷಧ ಕಂಪನಿಗಳ ಮಷೀನಿನ ಭಾಗಗಳು. ಹತ್ತೂ ಬೆರಳುಗಳಿವೆ. ನನ್ನ ಕೆಲಸ ಅಳತೆಗೆ ತಪ್ಪುವುದಿಲ್ಲ, ಆದರೆ ನೋಡಲು ಅಂಥ ಚೆಂದವೇನಲ್ಲ. ನಮ್ಮ ಮಾಲೀಕರೂ ಹಾಗೇ ಹೇಳುತ್ತಾರೆ: "ಸಾರ್ ಜಾಬು ಸೈಜಿಗೆ ಕರೆಕ್ಟು." ಆ ವಾಕ್ಯ ಅಲ್ಲಿಗೇ ಮುಗಿಯುತ್ತದೆ.

ಕಳೆದ ತಿಂಗಳು ದರ್ಜಿಯ ಮಗಳಿಗೆ ಮಧುರವಾಡದ ಆಫೀಸೊಂದರಲ್ಲಿ ಇಂಟರ್‌ವ್ಯೂ ಇತ್ತು. ಅವರು ಫೋನ್ ಮಾಡಿ, ಜೊತೆಗೆ ಬರುತ್ತಿದ್ದೇನೆ ಎಂದರು. ಮನೆಗೆ ಊಟಕ್ಕೆ ಕರೆದೆ. ಅವರ ಮಗಳು ಬಾಗಿಲಲ್ಲಿ, "ನಮಸ್ತೆ ಅಂಕಲ್," ಎಂದಳು. ಆ ಫೋಟೋವನ್ನು ಓದಿದ ಹುಡುಗಿ ಇವಳೇ. ನಾನು ಅವಳ ಕಣ್ಣು ನೋಡದೆ ಫ್ಯಾನಿನ ಸ್ವಿಚ್ಚು ಹುಡುಕಿದೆ. ಹೆಂಡತಿ ಜೋಳದ ರೊಟ್ಟಿ, ಬದನೆಕಾಯಿ ಎಣಗಾಯಿ, ಶೇಂಗಾ ಚಟ್ನಿ ಮಾಡಿದ್ದಳು. ದರ್ಜಿ ಮೂರು ರೊಟ್ಟಿ ತಿಂದರು. ಹೆಂಡತಿಯೂ ಅವರೂ ತೆಲುಗಿನಲ್ಲಿ ಅದೂ ಇದೂ ಮಾತಾಡಿ ನಗುತ್ತಿದ್ದರು. ಅವಳು ನನ್ನ ಮಾತಿಗೆ ಅಷ್ಟು ನಕ್ಕು ಎಷ್ಟು ದಿನವಾಯಿತು ಎಂದು ನಾನು ಯೋಚಿಸುತ್ತ ಕೂತಿದ್ದೆ.

ಆ ಹುಡುಗಿ ಇಂಟರ್‌ವ್ಯೂಗೆ ಹೋದಾಗ ದರ್ಜಿ, "ನಿಮ್ಮ ಲೇತು ನೋಡೋಣ ಸಾರ್," ಎಂದರು. ವರ್ಕ್‌ಶಾಪಿಗೆ ಕರೆದುಕೊಂಡು ಹೋದೆ. ನಾನು ಕೆಲಸ ಮಾಡುವುದನ್ನು ಕೈ ಕಟ್ಟಿ ನಿಂತು ಸ್ವಲ್ಪ ಹೊತ್ತು ನೋಡಿದರು. ಆಮೇಲೆ, "ಟೂಲು ಒಂಚೂರು ಕೆಳಗಿದೆ," ಎಂದು ಹೇಳಿ, ಕಸದಿಂದ ತಗಡಿನ ತುಣುಕೊಂದನ್ನು ಆರಿಸಿ, ಕತ್ತರಿಸಿ, ಟೂಲಿನ ಅಡಿಗೆ ಸೇರಿಸಿ ಬಿಗಿದರು. ನಾನು ಮತ್ತೆ ಕಡೆದೆ. ಕಬ್ಬಿಣ ಕನ್ನಡಿಯ ಹಾಗೆ ಬಂತು.

"ನನಗೆ ಈಗಲೂ ಹೊಟ್ಟೆ ಉರಿಯುತ್ತೆ," ಎಂದೆ.

ಅವರು ನಕ್ಕರು. "ಉರೀಲಿ ಸಾರ್. ಹಾಳೆ ಮಾತ್ರ ಪೂರ್ತಿ ಓದಿ."

ಅವರು ಹೋದ ಮೇಲೆ ಮಾಲೀಕರು ನನ್ನ ಬಳಿ ಬಂದು ಆ ತುಂಡನ್ನು ಕೈಯಲ್ಲಿ ಹಿಡಿದು ನೋಡಿದರು. ಆ ಮನುಷ್ಯ ಇಲ್ಲಿಗೆ ಕೆಲಸಕ್ಕೆ ಬರುತ್ತಾರಾ, ಕೇಳಿ ನೋಡಿ ಎಂದರು. ದೊಡ್ಡ ಮಷೀನು ಅವರಿಗೇ ಕೊಡೋಣ ಎಂದೂ ಸೇರಿಸಿದರು. ದೊಡ್ಡ ಮಷೀನಿನಲ್ಲಿ ಈಗ ಕೆಲಸ ಮಾಡುತ್ತಿರುವವನು ನಾನು.

ಆ ದಿನ ಸಂಜೆ ಅವರು ರೈಲಿನಲ್ಲಿದ್ದಾಗಲೇ ಫೋನ್ ಮಾಡಿದೆ. ಮಾಲೀಕರು ಹೇಳಿದ್ದನ್ನೆಲ್ಲ ಹೇಳಿದೆ, ದೊಡ್ಡ ಮಷೀನಿನ ವಿಷಯವನ್ನೂ. ಮಗಳಿಗೆ ಇಲ್ಲೇ ಕೆಲಸ ಸಿಕ್ಕರೆ ಯೋಚನೆ ಮಾಡುತ್ತೇನೆ ಎಂದರು. ಅವಳ ಫಲಿತಾಂಶ ಇನ್ನೂ ಬಂದಿಲ್ಲ. ಸಿಗಲಿ ಎಂದು ಒಂದು ದಿನ ಅಂದುಕೊಳ್ಳುತ್ತೇನೆ, ಸಿಗದಿರಲಿ ಎಂದು ಮರುದಿನ. ಹೆಂಡತಿಗೆ ಎರಡನ್ನೂ ಹೇಳಿದ್ದೇನೆ.